ಬುಗ್ಗೆಯ ಬಳಿ ಎರಡು ಪ್ರಶ್ನೆ

ಯೌವನಸ್ಥರ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹ ರೂಪ
ವಾಕ್ಯಭಾಗ: ಆದಿಕಾಂಡ 16:1–14 ಮತ್ತು 21:14–19

   

ಕೂತುಕೊಳ್ಳೋ ಮುಂಚೆ ಒಂದು ಚಿಕ್ಕ ಕೆಲಸ. ಬೆಂಗಳೂರಲ್ಲೇ ಹುಟ್ಟಿದವರು ಕೈ ಎತ್ತಿ. ಚೆನ್ನಾಗಿದೆ, ಅರ್ಧದಷ್ಟು ಜನ ಇದ್ದೀರಿ. ಅವರಲ್ಲಿ ಅಪ್ಪ ಅಮ್ಮ ಇಬ್ಬರೂ ಇಲ್ಲೇ ಹುಟ್ಟಿದವರು ಮಾತ್ರ ಕೈ ಹಾಗೇ ಇಟ್ಟುಕೊಳ್ಳಿ, ಉಳಿದವರು ಇಳಿಸಿ. ನೋಡಿ, ಎಷ್ಟು ಕಡಿಮೆ ಆಯ್ತು! ಈಗ ಅಜ್ಜ ಅಜ್ಜಿ ನಾಲ್ಕೂ ಜನ ಈ ಊರಿನವರು? ಒಂದು, ಎರಡು, ಮೂರು. ಇಷ್ಟು ದೊಡ್ಡ ಹಾಲ್‌ನಲ್ಲಿ ಮೂರೇ ಕೈ. ಪಕ್ಕದಲ್ಲಿ ಇರೋರಿಗೆ ನಗುತ್ತಾ ಹೇಳಿ: "ನೀನೂ ಬಂದವನೇ, ನಾನೂ ಬಂದವನೇ." ಆಮೆನ್. ಕೂತುಕೊಳ್ಳಿ.

ಇವತ್ತು ಕರ್ತನು ನನ್ನ ಹೃದಯದಲ್ಲಿ ಇಟ್ಟಿರೋ ವಿಷಯ ಇದು. ಜನ ಊರು ಬಿಟ್ಟು ಯಾಕೆ ಹೋಗ್ತಾರೆ? ನಮ್ಮಲ್ಲಿ ಕೆಲವರು ಬಂದು ನೆಲೆಸಿದವರು, ಕೆಲವರು ನಿನ್ನೆ ಮೊನ್ನೆ ಬಂದವರು, ಇನ್ನು ಕೆಲವರ ಫೋನಿನಲ್ಲಿ ಈ ಕ್ಷಣಕ್ಕೂ ವೀಸಾದ ಇಮೇಲ್ ಬರುತ್ತಾ ಅಂತ ಕಾಯುವಿಕೆ ಇದೆ. ಹಾಗಾಗಿ ಇದು ನಮ್ಮದೇ ಮಾತು.

ಈಗ ಓದಿದ ವಾಕ್ಯದಲ್ಲಿ ಹಾಗರಳು ಇದ್ದಾಳೆ. ಐಗುಪ್ತದ ಹೆಣ್ಣು, ಕಾನಾನಿನಲ್ಲಿ ದಾಸಿ. ಅವಳು ಹೇಗೆ ಅಲ್ಲಿಗೆ ಬಂದಳು ಅಂತ ವಾಕ್ಯ ನೇರವಾಗಿ ಹೇಳುವುದಿಲ್ಲ. ಆದರೆ 12ನೇ ಅಧ್ಯಾಯದಲ್ಲಿ ಬರಗಾಲ ಬಂದು ಅಬ್ರಾಮನು ಐಗುಪ್ತಕ್ಕೆ ಇಳಿದು ಹೋದದ್ದು, ಅಲ್ಲಿ ಅವನಿಗೆ ದಾಸದಾಸಿಯರು ಸಿಕ್ಕಿದ್ದು ಇದೆ. ಆಗ ಬಂದವಳೇ ಇರಬಹುದು ಅಂತ ಅನೇಕ ಬೋಧಕರು ಹೇಳುತ್ತಾರೆ. ಹಾಗಿದ್ದರೆ ಯೋಚಿಸಿ: ಒಂದು ಕುಟುಂಬ ಹಸಿವಿಗೆ ಊರು ಬಿಟ್ಟಿತು, ಅದರಿಂದ ಇನ್ನೊಬ್ಬಳು ತನ್ನ ಇಷ್ಟವಿಲ್ಲದೆ ತನ್ನ ಊರು ಬಿಟ್ಟಳು.

ಈ ಅಧ್ಯಾಯದಲ್ಲಿ ಸಾರಯಳು ಮಾತಾಡುವಾಗ "ದಾಸಿ" ಅಂತಾಳೆ. ಅಬ್ರಾಮನೂ "ದಾಸಿ" ಅಂತಾನೆ. ಇಬ್ಬರ ಬಾಯಲ್ಲೂ ಅವಳ ಹೆಸರು ಒಂದು ಸಲ ಬರಲ್ಲ. ಅವಳು ಓಡಿಹೋಗಿ, ಶೂರಿನ ದಾರಿಯಲ್ಲಿ, ಅಂದರೆ ತವರಿನ ಕಡೆಯ ದಾರಿಯಲ್ಲಿ, ಒಂದು ಬುಗ್ಗೆಯ ಹತ್ತಿರ ಕೂತಾಗ, ಕರ್ತನ ದೂತನು ಅವಳನ್ನು ಹೆಸರು ಹಿಡಿದು ಕರೆದನು. ಹಲ್ಲೆಲೂಯಾ! ಮನೆಯವರು ಬಳಸದ ಹೆಸರು ಪರಲೋಕಕ್ಕೆ ಗೊತ್ತಿತ್ತು.

ಹೆಸರು ಕರೆದು ಎರಡು ಪ್ರಶ್ನೆ ಕೇಳಿದನು. ಬಂದದ್ದು ಎಲ್ಲಿಂದ ಅಂತ ಒಂದು, ಹೊರಟಿರೋದು ಎಲ್ಲಿಗೆ ಅಂತ ಇನ್ನೊಂದು. 8ನೇ ವಚನ ಸೂಕ್ಷ್ಮವಾಗಿ ಗಮನಿಸಿ. ಮೊದಲನೆಯದಕ್ಕೆ ಅವಳು ಉತ್ತರ ಕೊಟ್ಟಳು: ಯಜಮಾನಿಯಿಂದ ತಪ್ಪಿಸಿಕೊಂಡು ಓಡುತ್ತಿದ್ದೇನೆ. ಎರಡನೆಯದಕ್ಕೆ? ಉತ್ತರ ಇಲ್ಲ. ಅವಳು ಬಾಯೇ ಬಿಡಲಿಲ್ಲ.

ಪ್ರಿಯರೇ, ಇವತ್ತಿನ ಸಂದೇಶ ಆ ಮೌನದ ಬಗ್ಗೆ.

1. ಮೊದಲ ಪ್ರಶ್ನೆಗೆ ನಮ್ಮೆಲ್ಲರ ಹತ್ತಿರ ಉತ್ತರ ಇದೆ

ಜನ ಯಾಕೆ ಹೊರಡುತ್ತಾರೆ? ನನ್ನ ಕಥೆಯಿಂದಲೇ ಶುರು ಮಾಡ್ತೀನಿ. ನಮ್ಮದು ರಾಯಚೂರು ಜಿಲ್ಲೆ, ದೇವದುರ್ಗದ ಕಡೆ ಒಂದು ಹಳ್ಳಿ. 1987ರ ಬರಗಾಲ. ನನಗಾಗ ಎಂಟು ವರ್ಷ. ನಮ್ಮ ಸೋದರಮಾವ, "ಭಾವಾ, ಹೋಗಬ್ಯಾಡ" ಅಂದಾಗ ಅಪ್ಪ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಮಳಿ ಇಲ್ಲ, ಬೆಳಿ ಇಲ್ಲ. ಇಲ್ಲೇ ಕುಂತ್ರ ಹೊಟ್ಟಿಗೇನು?" ಅಷ್ಟೇ. ನಮ್ಮ ಕಡೆ ಇದಕ್ಕೆ ಒಂದು ಪದ ಇದೆ, ಗುಳೆ. "ಗುಳೆ ಹೋಗ್ಯಾರ" ಅಂದರೆ ಮನೆಗೆ ಬೀಗ, ಬಾಗಿಲಲ್ಲಿ ಮುದುಕರು, ಶಾಲೆಯ ಹಾಜರಿ ಪುಸ್ತಕದಲ್ಲಿ ಖಾಲಿ ಜಾಗ. ಇವತ್ತಿಗೂ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರಿಗೆ ಆ ಪದದ ಅರ್ಥ ಹೇಳಬೇಕಾಗಿಲ್ಲ.

ಅಮ್ಮ ಜೋಳದ ಹಿಟ್ಟಿನ ಗಂಟು ಒಂದು, ರೊಟ್ಟಿ ಹಂಚು ಒಂದು ಹಿಡಿದು ಬಸ್ ಹತ್ತಿದಳು. ಬೆಂಗಳೂರಿನಲ್ಲಿ ಕಟ್ಟಡ ಕೆಲಸ, ತಗಡಿನ ಶೆಡ್ಡು. ಹಿಟ್ಟು ಮುಗಿದ ದಿನ ರಾಗಿ ಮುದ್ದೆ ನೋಡಿ ಅಮ್ಮ, "ಇದನ್ನ ಅಗಿಯೋದಾ, ನುಂಗೋದಾ?" ಅಂತ ಕೇಳಿದ್ದು ನಮ್ಮ ಮನೆಯಲ್ಲಿ ಈಗಲೂ ಜೋಕು.

ಇದು ಒಂದು ಕಾರಣ, ಹೊಟ್ಟೆ. ಬೈಬಲ್ ತುಂಬ ಇದೇ ಇದೆ. ಅಬ್ರಾಮನು ಹೋದದ್ದು ಬರಕ್ಕೆ. ಯಾಕೋಬನ ಮಕ್ಕಳು ಚೀಲ ಹಿಡಿದು ಐಗುಪ್ತಕ್ಕೆ ಹೋದದ್ದು ಧಾನ್ಯಕ್ಕೆ. ಎಲೀಮೆಲೆಕನು ಬೇತ್ಲೆಹೇಮ್ ಬಿಟ್ಟು ಮೋವಾಬಿಗೆ ಹೋದದ್ದೂ ಬರಕ್ಕೆ.

ಎರಡನೇ ಕಾರಣ ಮದುವೆ. ನಗಬೇಡಿ! 2011ರ ಜನಗಣತಿ ತೆಗೆದು ನೋಡಿ. ಮುಂಚೆ ಇದ್ದ ಊರು ಬಿಟ್ಟು ಬೇರೆ ಕಡೆ ನೆಲೆಸಿದವರು ಭಾರತದಲ್ಲಿ ಸುಮಾರು 45 ಕೋಟಿ ಜನ. ಹತ್ತರಲ್ಲಿ ಹೆಚ್ಚುಕಡಿಮೆ ನಾಲ್ವರು. ಗಂಡಸರು ಹೇಳಿದ ದೊಡ್ಡ ಕಾರಣ ಕೆಲಸ. ಹೆಂಗಸರು ಹೇಳಿದ ದೊಡ್ಡ ಕಾರಣ ಮದುವೆ. ರೆಬೆಕ್ಕಳು ಒಂಟೆ ಹತ್ತಿ ಹೊರಟ ಹಾಗೆ ನಿಮ್ಮ ಅಮ್ಮನೂ ಒಂದು ದಿನ ಟ್ರಂಕ್ ಹಿಡಿದು ಹೊರಟವಳು. ಅವಳನ್ನು ನಾವು ಯಾರೂ ವಲಸೆ ಬಂದವಳು ಅಂತ ಕರೆಯಲ್ಲ. ಆದರೆ ಅಡುಗೆ, ಭಾಷೆ, ದೇವರ ಮುಂದೆ ಅಳೋ ಜಾಗ, ಎಲ್ಲವನ್ನೂ ಬದಲಾಯಿಸಿಕೊಂಡವಳು ಅವಳು.

ಮೂರನೇ ಕಾರಣ ಭಯ. ಮತ್ತಾಯನ 2ನೇ ಅಧ್ಯಾಯದಲ್ಲಿ ಹೆರೋದನ ಕತ್ತಿಯಿಂದ ತಪ್ಪಿಸಿಕೊಂಡು ಮಗು ಯೇಸುವನ್ನು ಎತ್ತಿಕೊಂಡು ರಾತ್ರೋರಾತ್ರಿ ಐಗುಪ್ತಕ್ಕೆ ಹೋದರು. ಅಪೊಸ್ತಲರ ಕೃತ್ಯಗಳು 18ರಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಕೊರಿಂಥಕ್ಕೆ ಬಂದದ್ದು, ಚಕ್ರವರ್ತಿ ಕ್ಲೌದ್ಯನು ಯೆಹೂದ್ಯರನ್ನು ರೋಮ್ ಬಿಟ್ಟು ಹೋಗಿ ಅಂದದ್ದಕ್ಕೆ. 2023ರ ಕೊನೆಗೆ ಪ್ರಪಂಚದಲ್ಲಿ ಯುದ್ಧ, ಹಿಂಸೆ, ಹಿಂಸಾಚಾರದ ಭಯದಿಂದ ಮನೆ ಬಿಟ್ಟವರು 11 ಕೋಟಿಗೂ ಹೆಚ್ಚು ಅಂತ ವಿಶ್ವಸಂಸ್ಥೆ ಲೆಕ್ಕ ಕೊಟ್ಟಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗಡಿ ದಾಟಲೇ ಇಲ್ಲ, ತಮ್ಮ ದೇಶದೊಳಗೇ ದಿಕ್ಕು ತಪ್ಪಿದರು. ದೂರ ಹೋಗಬೇಡಿ, ಅದೇ ವರ್ಷ ಮೇ ತಿಂಗಳಿಂದ ಮಣಿಪುರದಲ್ಲಿ ಎರಡೂ ಸಮುದಾಯದವರು ಸೇರಿ ಸುಮಾರು 60,000 ಜನ ಮನೆ ಕಳೆದುಕೊಂಡರು.

ನಾಲ್ಕನೇದು ಆಸೆ. ಓದಬೇಕು, ಬೆಳೆಯಬೇಕು, ಒಳ್ಳೆ ಸಂಬಳ ಬೇಕು. ಅದು ಪಾಪ ಅಂತ ನಾನು ಹೇಳಲ್ಲ. ಮಂಗಳೂರು, ಉಡುಪಿ ಕಡೆಯವರು ಮುಂಬೈಗೆ ಹೋಗಿ ಹೋಟೆಲ್ ಇಟ್ಟಿದ್ದು, ಆಮೇಲೆ ಗಲ್ಫ್‌ಗೆ ಹೋಗಿದ್ದು ಹೀಗೇ. ಒಬ್ಬ ಹೋಗ್ತಾನೆ, ತಮ್ಮನನ್ನು ಕರೆಸಿಕೊಳ್ಳುತ್ತಾನೆ, ತಮ್ಮ ಪಕ್ಕದ ಮನೆಯವನನ್ನು ಕರೆಸುತ್ತಾನೆ. ಯೋಸೇಫನು ಮೊದಲು ಹೋದ, ಹಿಂದೆ ಇಡೀ ಯಾಕೋಬನ ಮನೆತನ ಹೋಯಿತು ಅಲ್ವಾ? ಒಂದು ವ್ಯತ್ಯಾಸ ಮಾತ್ರ ಮರೆಯಬೇಡಿ. ದೂರ ಹೋಗೋಕೆ ದುಡ್ಡು ಬೇಕು. ತೀರಾ ಬಡವನು ಪಕ್ಕದ ಜಿಲ್ಲೆಗೆ ಹೋಗ್ತಾನೆ, ಸ್ವಲ್ಪ ಇದ್ದವನು ದುಬೈಗೆ, ಇನ್ನೂ ಇದ್ದವನು ಸಾಲ ಮಾಡಿ ಕೆನಡಾಗೆ. 2024ರಲ್ಲಿ ಇಡೀ ಪ್ರಪಂಚದಲ್ಲಿ ಹುಟ್ಟಿದ ದೇಶ ಬಿಟ್ಟು ಬದುಕುತ್ತಿದ್ದವರು ಸುಮಾರು 30 ಕೋಟಿ. ನಮ್ಮ ಒಂದು ದೇಶದೊಳಗೇ ಊರು ಬದಲಾಯಿಸಿದವರು ಅದಕ್ಕಿಂತ ಹೆಚ್ಚು. ನಾವು ಏರ್‌ಪೋರ್ಟ್ ನೋಡಿ ವಲಸೆ ಅಂತೀವಿ. ವಲಸೆ ಜಾಸ್ತಿ ಆಗೋದು ಮೆಜೆಸ್ಟಿಕ್‌ನಲ್ಲಿ!

2. "ಹೋಗು" ಅಂದದ್ದೂ ಆತನೇ, "ಇರು" ಅಂದದ್ದೂ ಆತನೇ

ಯೌವನಸ್ಥರು ಬಂದು ಕೇಳೋ ಪ್ರಶ್ನೆ ಇದು: "ಪಾಸ್ಟರ್, ಹೋಗೋದು ದೇವರ ಚಿತ್ತಾನಾ, ಇಲ್ವಾ?" ಕೆಲವರು ಅಬ್ರಹಾಮನನ್ನು ತೋರಿಸಿ, ಹೋಗೋದೇ ನಂಬಿಕೆ ಅಂತಾರೆ. ಕೆಲವರು ನೊವೊಮಿಯ ಗಂಡ, ಮಕ್ಕಳು ಮೋವಾಬಿನಲ್ಲಿ ಸತ್ತದ್ದನ್ನು ತೋರಿಸಿ, ಇರೋದೇ ನಂಬಿಕೆ ಅಂತಾರೆ. ವಾಕ್ಯ ಅಷ್ಟು ಸುಲಭವಾಗಿ ಕೈಗೆ ಸಿಗಲ್ಲ.

ಆದಿಕಾಂಡ 26:2 ನೋಡಿ. ದೇಶದಲ್ಲಿ ಬರ. ಇಸಾಕನಿಗೆ ದೇವರು ಐಗುಪ್ತಕ್ಕೆ ಹೋಗಬೇಡ ಅಂದನು. ಅವನು ಗೆರಾರಿನಲ್ಲೇ ಉಳಿದು ಬಿತ್ತಿದನು, ನೂರ್ಮಡಿ ಕೊಯ್ದನು. ಈಗ 46:3ಕ್ಕೆ ಬನ್ನಿ. ಮತ್ತೆ ಬರ. ಅವನ ಮಗ ಯಾಕೋಬನಿಗೆ ಅದೇ ದೇವರು, ಐಗುಪ್ತಕ್ಕೆ ಇಳಿದು ಹೋಗಲು ಹೆದರಬೇಡ, ನಾನೂ ಜೊತೆಗೆ ಬರುತ್ತೇನೆ ಅಂದನು. ಅದೇ ಮನೆ, ಅದೇ ತರದ ಹಸಿವು, ಅದೇ ಐಗುಪ್ತ. ಅಪ್ಪನಿಗೆ ಒಂದು ಮಾತು, ಮಗನಿಗೆ ಇನ್ನೊಂದು.

ಹಾಗರಳಿಗೂ ಹಾಗೇ. 16ರಲ್ಲಿ ವಾಪಸ್ ಹೋಗು ಅಂದನು. 21ರಲ್ಲಿ ಅವಳು ಮತ್ತೆ ಅಡವಿಗೆ ಬಂದಾಗ ವಾಪಸ್ ಹೋಗು ಅನ್ನಲಿಲ್ಲ, ಕಣ್ಣು ತೆರೆದು ನೀರಿನ ಬಾವಿ ತೋರಿಸಿದನು. ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳ್ತೀನಿ. 16ನೇ ಅಧ್ಯಾಯ ಹಿಡಿದುಕೊಂಡು, ಹೊಡೆಯೋ ಮನೆಗೆ ತಿರುಗಿ ಹೋಗು ಅಂತ ನಾನು ಯಾವ ಸಹೋದರಿಗೂ ಹೇಳಲ್ಲ. ಅದು ಒಬ್ಬಳಿಗೆ, ಒಂದು ದಿನ, ಒಂದು ವಾಗ್ದಾನದ ಜೊತೆ ಕೊಟ್ಟ ಮಾತು. ನಿಮ್ಮಲ್ಲಿ ಯಾರಾದರೂ ಅಂಥ ಮನೆಯಲ್ಲಿದ್ದರೆ ಬಂದು ನನ್ನ ಹೆಂಡತಿಯ ಹತ್ತಿರ ಮಾತಾಡಿ. 181 ಮಹಿಳಾ ಸಹಾಯವಾಣಿ ಇದೆ, ಅದಕ್ಕೆ ಫೋನ್ ಮಾಡೋದು ಅಪನಂಬಿಕೆ ಅಲ್ಲ.

ಹಾಗಾದರೆ ದೇವರ ಚಿತ್ತ ಎಲ್ಲಿ ಗೊತ್ತಾಗುತ್ತೆ? ನಕ್ಷೆಯಲ್ಲಿ ಅಲ್ಲ ಪ್ರಿಯರೇ. ಆ ಎರಡನೇ ಪ್ರಶ್ನೆಗೆ ನಿನ್ನ ಹತ್ತಿರ ಇರೋ ಉತ್ತರದಲ್ಲಿ.

3. ಎರಡನೇ ಪ್ರಶ್ನೆ ನಮ್ಮನ್ನು ನಿಲ್ಲಿಸುತ್ತದೆ

ನಮ್ಮ ಸಭೆಯ ಒಬ್ಬ ತಂಗಿ, ಅವಳ ಒಪ್ಪಿಗೆ ತೆಗೆದುಕೊಂಡೇ ಹೇಳ್ತಿದ್ದೀನಿ, ಹೆಸರು ಹೇಳಲ್ಲ. ಬಂದು, "ಪಾಸ್ಟರ್, ಕೆನಡಾ ವೀಸಾಗೆ ಪ್ರಾರ್ಥನೆ ಮಾಡಿ" ಅಂದಳು. ಮಾಡೋಣಮ್ಮ, ಯಾಕೆ ಹೋಗ್ತಿದ್ದೀಯ ಅಂತ ಕೇಳಿದೆ. ಪಟಪಟ ಅಂತ ಹೇಳಿದಳು: ಇಲ್ಲಿ ಟ್ರಾಫಿಕ್, ಇಲ್ಲಿ ಸಂಬಳ ಇಲ್ಲ, ಮನೆಯಲ್ಲಿ ಅಪ್ಪ ಮಾತಾಡಿಸಲ್ಲ, ಮದುವೆ ಮಾಡ್ಕೋ ಅಂತ ಎಲ್ಲರ ಒತ್ತಡ. ಸರಿ, ಅಲ್ಲಿ ಹೋಗಿ ಏನಾಗಬೇಕು ಅಂತಿದ್ದೀಯ ಅಂದೆ. ಸುಮ್ಮನಾದಳು. ಸ್ವಲ್ಪ ಹೊತ್ತಾದ ಮೇಲೆ ಕಣ್ಣಲ್ಲಿ ನೀರು. "ಗೊತ್ತಿಲ್ಲ ಪಾಸ್ಟರ್. ಇಲ್ಲಿ ಇರಬಾರದು ಅಷ್ಟೇ."

ಅವಳಿಗೆ ನಾನು ಹೋಗಬೇಡ ಅನ್ನಲಿಲ್ಲ. ನಾಲ್ಕು ವಾರ ಬಂದು ಪ್ರಾರ್ಥಿಸು, ಆ ಒಂದು ಪ್ರಶ್ನೆಯನ್ನು ಮಾತ್ರ ಕರ್ತನ ಮುಂದೆ ಇಡು ಅಂದೆ. ಮೂರನೇ ವಾರ ಅವಳು ಅಪ್ಪನ ಎದುರು ಕೂತು, ಆರು ವರ್ಷದಿಂದ ಒಳಗೆ ಇಟ್ಟುಕೊಂಡಿದ್ದನ್ನು ಮಾತಾಡಿದಳು. ಎಲ್ಲ ಸರಿಹೋಯ್ತು ಅಂತ ಸಾಕ್ಷಿ ಹೇಳೋಕೆ ನನಗೂ ಆಸೆ. ಸರಿಹೋಗಲಿಲ್ಲ. ಆದರೆ ಅವಳು ಹೊರಟ ರಾತ್ರಿ ಅಪ್ಪ ಏರ್‌ಪೋರ್ಟಿಗೆ ಬಂದರು. ಈಗ ಅವಳು ಅಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ತಾನು ಯಾಕೆ ಓದುತ್ತಿದ್ದೀನಿ ಅಂತ ಅವಳಿಗೆ ಗೊತ್ತು.

ಓಡುವವರಿಗೆ ಎರಡನೇ ಪ್ರಶ್ನೆ ಇಲ್ಲದಿದ್ದರೆ ಯಾರು ಬೇಕಾದರೂ ಅವರ ಪರವಾಗಿ ಉತ್ತರ ಬರೆಯಬಹುದು. ಟೆಲಿಗ್ರಾಂನಲ್ಲಿ ಒಂದು ಮೆಸೇಜ್ ಬರುತ್ತೆ: ಥಾಯ್ಲೆಂಡ್‌ನಲ್ಲಿ ಡೇಟಾ ಎಂಟ್ರಿ ಕೆಲಸ, ಟಿಕೆಟ್ ಫ್ರೀ. ಹೋದ ಹುಡುಗರನ್ನು ಗಡಿ ದಾಟಿಸಿ ಮ್ಯಾನ್ಮಾರ್‌ಗೆ ಒಯ್ದು, ಸೈಬರ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿ ದುಡಿಸಿದರು. 2025ರ ಮಾರ್ಚ್‌ನಲ್ಲಿ ನಮ್ಮ ವಾಯುಪಡೆಯ ವಿಮಾನಗಳು ಥಾಯ್ಲೆಂಡಿನ ಮೇ ಸೋಟ್‌ನಿಂದ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಪಸ್ ಕರೆತಂದವು. ಹಾಗಾಗಿ ಪ್ರಾರ್ಥನೆಯ ಜೊತೆ ಬುದ್ಧಿಯನ್ನೂ ಇಟ್ಟುಕೊಳ್ಳಿ. ವಿದೇಶದ ಕೆಲಸಕ್ಕೆ ಏಜೆಂಟ್ ಸಿಕ್ಕರೆ ಅವನ ಲೈಸೆನ್ಸ್ ನಂಬರ್ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯಾ ನೋಡಿ. ನಿಯಮದ ಪ್ರಕಾರ ಅವನು ತೆಗೆದುಕೊಳ್ಳಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ, ರಸೀದಿ ಕೊಡಲ್ಲ ಅಂದರೆ, ವಿಸಿಟ್ ವೀಸಾದಲ್ಲಿ ಹೋಗು ಆಮೇಲೆ ಬದಲಾಯಿಸೋಣ ಅಂದರೆ, ಆ ಬಾಗಿಲು ಕರ್ತನು ತೆರೆದದ್ದಲ್ಲ.

ಎರಡನೇ ಪ್ರಶ್ನೆಗೆ ಉತ್ತರ ಕೊಟ್ಟ ಒಬ್ಬಳನ್ನು ನೋಡಬೇಕಾ? ರೂತಳು. ಅವಳು ಬಿಟ್ಟದ್ದು ಸಾವು, ಬಡತನ. ಆದರೆ ನೊವೊಮಿಯ ಮುಂದೆ ಅವಳು ಬಿಟ್ಟ ಊರಿನ ದೂರು ಹೇಳಲಿಲ್ಲ. ಯಾರ ಜೊತೆ ಇರುತ್ತೇನೆ, ಯಾರ ಜನ ನನ್ನ ಜನ, ಯಾರ ದೇವರು ನನ್ನ ದೇವರು, ಅದನ್ನು ಹೇಳಿದಳು. ಯೆರೆಮೀಯನು 29ನೇ ಅಧ್ಯಾಯದಲ್ಲಿ ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದಲ್ಲೂ ಇದೇ ಇದೆ. ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ನೀವಿರೋ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಅಂತ. ಅವರು ಇಷ್ಟಪಟ್ಟು ಹೋದ ಊರಲ್ಲ ಅದು, ಆದರೂ!

4. ಕೊನೆಯ ಸಾಲಿನ ಕುರ್ಚಿ

ಈಗ ನನ್ನ ವಿಷಯ. ನಮ್ಮ ಶೆಡ್ಡಿನ ಎದುರು ಒಬ್ಬ ಅಜ್ಜಿ ಇಡ್ಲಿ ಮಾರುತ್ತಿದ್ದಳು. ಬೆಂಗಳೂರು ನಮ್ಮನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಯಾವೂರು?" ಮೇಸ್ತ್ರಿ ಕೇಳಿದ, ಅಂಗಡಿಯವನು ಕೇಳಿದ, ನಲ್ಲಿ ಹತ್ತಿರ ಹೆಂಗಸರು ಕೇಳಿದರು. ಕೇಳಿ ಮುಂದೆ ಹೋದರು. ಈ ಅಜ್ಜಿ ಮಾತ್ರ ಒಂದು ದಿನ ಅಮ್ಮನಿಗೆ, "ಮುಂದೆ ಏನ್ ಮಾಡ್ಬೇಕು ಅಂತಿದ್ದೀಯ ಮಗಳೇ? ಹುಡುಗನ್ನ ಸ್ಕೂಲಿಗೆ ಹಾಕಲ್ವಾ?" ಅಂದಳು. ಅಮ್ಮನ ಹತ್ತಿರ ಉತ್ತರ ಇರಲಿಲ್ಲ. ಅಜ್ಜಿಯೇ ನನ್ನ ಕೈ ಹಿಡಿದು ಸರ್ಕಾರಿ ಶಾಲೆಗೆ ಕರಕೊಂಡು ಹೋದಳು. ಅವಳೇ ನಮ್ಮನ್ನು ಒಂದು ಪುಟ್ಟ ಪ್ರಾರ್ಥನಾ ಮನೆಗೆ ಕರೆದಳು. ಇವತ್ತು ನಾನು ನಿಂತಿರೋದು ಆ ಒಂದು ಪ್ರಶ್ನೆಯ ಮೇಲೆ. ದೂತರಿಗೆ ಯಾವಾಗಲೂ ರೆಕ್ಕೆ ಇರುತ್ತೆ ಅಂತ ನನಗೆ ಗೊತ್ತಿಲ್ಲ. ಅವಳ ಕೈಯಲ್ಲಿ ಚಟ್ನಿ ಸೌಟು ಇತ್ತು.

ಕಳೆದ ಮಳೆಗಾಲ ನಮ್ಮ ಸಭೆಗೆ ಒಬ್ಬ ಹುಡುಗ ಬಂದ. ಕೊನೆಯ ಸಾಲು, ಕೊನೆಯ ಕುರ್ಚಿ. ಪ್ಯಾಂಟಿನ ಮೇಲೆ ಸಿಮೆಂಟ್ ಕಲೆ. ಆರಾಧನೆ ಮುಗಿದ ಮೇಲೆ ಕೈ ಕುಲುಕಿ, "ಕಹಾಂ ಸೆ ಹೋ ಭಾಯಿ?" ಅಂತ ಕೇಳಿದೆ. ಜಾರ್ಖಂಡ್ ಅಂದ. ಒಳ್ಳೇದು, ದೇವರು ಆಶೀರ್ವದಿಸಲಿ ಅಂದೆ. ಮುಂದಿನವರ ಕೈ ಹಿಡಿದೆ. ಅಷ್ಟೇ. ಎರಡು ವಾರ ಬಂದ, ಮೂರನೇ ವಾರ ಇಲ್ಲ. ಒಂದು ತಿಂಗಳಾದ ಮೇಲೆ ನಮ್ಮ ವಾಚ್‌ಮನ್ ಹೇಳಿದ: ಸೈಟಿನಲ್ಲಿ ಬಿದ್ದು ಕಾಲು ಮುರಿಯಿತು, ಎಂಟು ದಿನ ಶೆಡ್ಡಿನಲ್ಲೇ ಮಲಗಿದ್ದ, ಜೊತೆಗಾರರು ದುಡ್ಡು ಕೂಡಿಸಿ ರೈಲು ಹತ್ತಿಸಿದರು. ಆ ಸೈಟು ಈ ಹಾಲ್‌ನಿಂದ ಮುನ್ನೂರು ಮೀಟರ್ ಕೂಡ ಇಲ್ಲ ಪ್ರಿಯರೇ. ತಗಡಿನ ಶೆಡ್ಡಿನಲ್ಲಿ ಬೆಳೆದ ನಾನು ಅವನನ್ನು "ಯಾವೂರು" ಅಂತ ಮಾತ್ರ ಕೇಳಿದೆ. ಹೆಸರು ಕೂಡ ಕೇಳಲಿಲ್ಲ.

ನಾನು ಆ ರಾತ್ರಿ ಮೊಣಕಾಲೂರಿದಾಗ ಕರ್ತನು 2020ನ್ನು ನೆನಪಿಸಿದನು. ಲಾಕ್‌ಡೌನ್ ಆದಾಗ ಜನ ಹೆದ್ದಾರಿಯಲ್ಲಿ ಮಕ್ಕಳನ್ನು ಹೆಗಲ ಮೇಲೆ ಹೊತ್ತು ನಡೆದರು. ಮೇ 1ರಂದು ಮೊದಲ ಶ್ರಮಿಕ್ ರೈಲು ತೆಲಂಗಾಣದ ಲಿಂಗಂಪಲ್ಲಿಯಿಂದ ಜಾರ್ಖಂಡಿನ ಹಟಿಯಾಗೆ ಹೋಯಿತು. ಅವರು ಯಾಕೆ ವಾಪಸ್ ಹೋದರು? ಊರಲ್ಲೂ ಕೆಲಸ ಇರಲಿಲ್ಲ. ಆದರೆ ಊರಲ್ಲಿ ಅವರನ್ನು ಹೆಸರು ಹಿಡಿದು ಕರೆಯೋರು ಇದ್ದರು. ನಾವು ಅವರ ಕೈಯಿಂದ ಕಟ್ಟಡ ಕಟ್ಟಿಸಿಕೊಂಡೆವು, ಅವರಿಗೆ ಊರು ಆಗಲಿಲ್ಲ.

ಐಗುಪ್ತದಲ್ಲಿ ನೀವೂ ಪರದೇಶಿಗಳಾಗಿದ್ದಿರಿ, ಆದ್ದರಿಂದ ಪರದೇಶಿಯನ್ನು ಪ್ರೀತಿಸಿ ಅಂತ ಮೋಶೆಯ ಮೂಲಕ ದೇವರು ಹೇಳಿದ್ದು ಯಾಕೆ? ಹೊಟ್ಟೆ ತುಂಬಿದ ಮೇಲೆ ನಾವು ಬಂದ ದಾರಿ ಮರೆಯುತ್ತೇವೆ ಅಂತ ಆತನಿಗೆ ಗೊತ್ತಿತ್ತು. ಮೂವತ್ತು ವರ್ಷದ ಹಿಂದೆ ಬಂದವನು ಮೂರು ತಿಂಗಳ ಹಿಂದೆ ಬಂದವನನ್ನು ನೋಡಿ "ಇವರೆಲ್ಲ ಬಂದು ಊರು ಹಾಳಾಯ್ತು" ಅಂತಾನೆ. ಶುರುವಿನಲ್ಲಿ ಎತ್ತಿದ ಆ ಮೂರು ಕೈ ನೆನಪಿಟ್ಟುಕೊಳ್ಳಿ.

ಮುಂದಿನ ತಿಂಗಳಿಂದ ಭಾನುವಾರ ಮಧ್ಯಾಹ್ನ ಎರಡು ಗಂಟೆ ಕಾಲ ಈ ಹಾಲ್‌ನಲ್ಲಿ ಒಂದು ಟೇಬಲ್ ಹಾಕುತ್ತೇವೆ. ಕಟ್ಟಡ ಕೆಲಸ ಮಾಡೋರು 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬಹುದು. ಎಷ್ಟೋ ಜನಕ್ಕೆ ಅದು ಗೊತ್ತಿಲ್ಲ, ಗೊತ್ತಿದ್ದರೂ ಫಾರಂ ತುಂಬೋಕೆ ಬರಲ್ಲ. ಅವರು ಯಾವ ಧರ್ಮದವರು ಅಂತ ಯಾರೂ ಕೇಳಬಾರದು. ನಿಮ್ಮ ಹತ್ತಿರ ಲ್ಯಾಪ್‌ಟಾಪ್ ಇದೆ, ಹಿಂದಿ ಬರುತ್ತೆ, ಕೆಲವರಿಗೆ ಒಡಿಯಾ, ಅಸ್ಸಾಮಿ ಬರುತ್ತೆ. ಮೊದಲು ಹೆಸರು ಕೇಳಿ. ಆಮೇಲೆ ಯಾವೂರು ಅಂತ ಕೇಳಿ. ಅಲ್ಲಿಗೆ ನಿಲ್ಲಿಸಬೇಡಿ. ಮುಂದೆ ಏನು ಮಾಡಬೇಕು ಅಂತಿದ್ದೀರಿ ಅಂತ ಕೇಳಿ.

ಹಾಗರಳು ಕೊನೆಗೆ ಏನು ಮಾಡಿದಳು ಗೊತ್ತಾ? ತನ್ನನ್ನು ನೋಡುವ ದೇವರು ಅಂತ ಆತನಿಗೇ ಒಂದು ಹೆಸರು ಇಟ್ಟಳು. ಎಲ್ಲಿಗೆ ಹೋಗ್ತಿದ್ದೀನಿ ಅಂತ ಆಗಲೂ ಅವಳಿಗೆ ಪೂರ್ತಿ ಗೊತ್ತಿರಲಿಲ್ಲ. ಯಾರ ಕಣ್ಣ ಮುಂದೆ ಹೋಗ್ತಿದ್ದೀನಿ ಅಂತ ಗೊತ್ತಾಯಿತು. ಪರದೇಶಿಯ ಎರಡನೇ ಪ್ರಶ್ನೆಗೆ ಉತ್ತರ ಅಲ್ಲಿಂದ ಶುರುವಾಗುತ್ತದೆ. ಆಮೆನ್?

ಎಲ್ಲರೂ ಎದ್ದು ನಿಂತುಕೊಳ್ಳೋಣ. ಕಣ್ಣು ಮುಚ್ಚಿ. ವಾದ್ಯ ಸ್ವಲ್ಪ ಮೆಲ್ಲಗೆ ಇರಲಿ. ಹೊರಡಬೇಕು ಅಂತ ಇರೋರು, ಬಂದು ಒಂಟಿಯಾಗಿರೋರು, ಊರಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಬಂದು ಆರು ತಿಂಗಳಿಂದ ಫೋನ್ ಮಾಡದೇ ಇರೋರು, ಮುಂದೆ ಬನ್ನಿ. ಇವತ್ತು ಮನೆಗೆ ಹೋಗೋ ಮುಂಚೆ ಆ ಫೋನ್ ಮಾಡಿ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಿಮಗೆ ಸ್ತೋತ್ರ. ಹಸಿವಿಗೆ, ಭಯಕ್ಕೆ, ಆಸೆಗೆ ಊರು ಬಿಟ್ಟ ನಮ್ಮನ್ನು ನೀವು ನೋಡಿದ್ದೀರಿ. ನಾವು ಎಲ್ಲಿಂದ ಓಡುತ್ತಿದ್ದೇವೆ ಅಂತ ನಿಮಗೆ ಗೊತ್ತು. ಎಲ್ಲಿಗೆ ಅಂತ ನಮಗೆ ಕಲಿಸಿರಿ ಕರ್ತನೇ. ಹೋಗು ಅಂದರೆ ಹೋಗುವ ಧೈರ್ಯ, ಇರು ಅಂದರೆ ಇರುವ ತಾಳ್ಮೆ ಕೊಡಿರಿ. ಹೆಸರು ಕೇಳದೆ ನಾನು ಕಳುಹಿಸಿಬಿಟ್ಟ ಆ ತಮ್ಮನನ್ನು ಜಾರ್ಖಂಡಿನ ಅವನ ಮನೆಯಲ್ಲಿ ಮುಟ್ಟಿರಿ, ಅವನ ಕಾಲನ್ನು ಸ್ವಸ್ಥಪಡಿಸಿರಿ, ನನ್ನನ್ನು ಕ್ಷಮಿಸಿರಿ. ಈ ಸಭೆಯ ಕೊನೆಯ ಸಾಲಿನ ಕುರ್ಚಿಯನ್ನು ಇನ್ನು ಮುಂದೆ ನಾವು ಮೊದಲು ನೋಡುವಂತೆ ಮಾಡಿರಿ. ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.